ಬೆಳಗಿನ ಮರ

ಶಿರಾಕ್ಕೆ ಟೀಚರಾಗಿ ಹೋದ ಹೊಸತರಲ್ಲಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಒಂದು ತೂತು ಮುಚ್ಚಿದ್ದು. ಅದೂ ಯಾರಿಗೂ ಹೇಳದೆ, ಯಾರನ್ನೂ ಕೇಳದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕೈಯಾರೆ. ಆಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ಮೂಗಿಗೆ ಊರಿನ ಯಾವ ವಾಸನೆಯೂ ಆಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ನಾನು ಕೊರಟಗೆರೆ ಕಡೆಯವಳು. ಹೊಳವನಹಳ್ಳಿಯಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದೆ. ನಮ್ಮಜ್ಜಿಯ ಪಾಲಿಗೆ ಈ ಲೋಕದಲ್ಲಿ ಇದ್ದದ್ದು ಎರಡೇ ಬಗೆಯ ನೀರು: ಬಾಯಿಗೆ ತಾಗದ ನೀರು, ಬಾಯಿಗೆ ತಾಗಿದ ನೀರು. ಲೋಟವನ್ನು ಮೇಲೆತ್ತಿ ಕುಡಿಯಬೇಕು. ತುಟಿ ಸೋಕಿದರೆ ಆ ಲೋಟವನ್ನು ಹುಣಸೆಹಣ್ಣು ಹಚ್ಚಿ ಬೆಳಗಬೇಕು. ಯಾರೋ ಬಾಯಿ ಮುಕ್ಕಳಿಸಿ ಉಗುಳಿದ ನೀರನ್ನು ತುಳಿದರೆ ಕಾಲು ತೊಳೆದುಕೊಂಡೇ ಒಳಗೆ ಬರಬೇಕು. ತುಮಕೂರಿನಲ್ಲಿ ಟ್ರೈನಿಂಗ್ ಮುಗಿಸಿ, ಐವತ್ತರ ದಶಕದ ಕೊನೆಯಲ್ಲಿ ಶಿರಾದ ಹೆಣ್ಣುಮಕ್ಕಳ ಪ್ರೈಮರಿ ಶಾಲೆಗೆ ಹೋದಾಗ, ಕಬ್ಬಿಣದ ಟ್ರಂಕಿನ ಜೊತೆಗೆ ಇದನ್ನೆಲ್ಲ ಹೊತ್ತುಕೊಂಡೇ ಹೋಗಿದ್ದೆ. ಒಬ್ಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಆಕೆಗೆ ಮಕ್ಕಳಿರಲಿಲ್ಲ, ಒಂದು ಕಪ್ಪು ಹಸು ಇತ್ತು. ಬೆಳಿಗ್ಗೆ ಸಂಜೆ ಹಾಲು ಕರೆದ ಮೇಲೆ ಆ ಹಸು ಬೀದಿ ಸುತ್ತಲು ಹೋಗಿ, ತನಗೆ ತೋಚಿದಾಗ ಮನೆಗೆ ಬರುತ್ತಿತ್ತು. ಶಿರಾದ ಗಲ್ಲಿಗಳೆಲ್ಲ ಅದಕ್ಕೆ ನನಗಿಂತ ಚೆನ್ನಾಗಿ ಗೊತ್ತಿದ್ದವು.

ಶಾಲೆ ಒಂದು ಹಳೆಯ ಮಣ್ಣುಗೋಡೆಯ ಮನೆ. ಮೂರು ಕೋಣೆ, ಹಿಂದೆ ಒಂದು ಅಂಗಳ. ನನ್ನ ಮೂರನೇ ಕ್ಲಾಸು ಪಡುವಣ ಕೋಣೆಯಲ್ಲಿ. ಮಧ್ಯಾಹ್ನ ಎರಡು ಗಂಟೆಗೆಲ್ಲ ಆ ಗೋಡೆ ರೊಟ್ಟಿ ಹೆಂಚಿನಂತೆ ಕಾಯುತ್ತಿತ್ತು. ಬಂದ ವರ್ಷದ ಬೇಸಿಗೆಯಲ್ಲಿ ಗೋಡೆಗೊರಗಿ ಕೂತಿದ್ದ ಒಬ್ಬ ಹುಡುಗಿ, ಮಗ್ಗಿ ಹೇಳುತ್ತ ಹೇಳುತ್ತಲೇ ತಲೆ ತಿರುಗಿ ಬಿದ್ದಳು. ಕಿಟಕಿ ಇರಲಿಲ್ಲವೆಂದಲ್ಲ. ಇತ್ತು, ಆದರೆ ಅದಕ್ಕೆ ಗೋಣಿಚೀಲ ಹೊಡೆದು ಮುಚ್ಚಿದ್ದರು. ತೆರೆದರೆ ಗಾಳಿಗಿಂತ ಮೊದಲು ನಾತ ಒಳಗೆ ಬರುತ್ತಿತ್ತು.

ಆ ಕಿಟಕಿಯ ಆಚೆ ಒಂದು ಸಂದಿ. ಎಂಟು ಹತ್ತು ಮೊಳ ಅಗಲ, ಉದ್ದ ಅದರ ನಾಲ್ಕರಷ್ಟು. ಒಂದು ಕಡೆ ನಮ್ಮ ಶಾಲೆ, ಇನ್ನೊಂದು ಕಡೆ ಎಣ್ಣೆ ಗಾಣದ ಗೋಡೆ, ಇಳಿಜಾರಿನ ಮೇಲ್ತುದಿಗೆ ಮಸೀದಿಯ ಹಿಂಗೋಡೆ. ಮೂರೂ ಕಟ್ಟಡಗಳು ಆ ಜಾಗಕ್ಕೆ ಬೆನ್ನು ಹಾಕಿ ನಿಂತಿದ್ದವು. ಅದು ಯಾರದ್ದು ಎಂದು ಕೇಳಿದರೆ ಯಾರೂ ನಮ್ಮದು ಎನ್ನುತ್ತಿರಲಿಲ್ಲ. ಕಸ ಹಾಕುವಾಗ ಮಾತ್ರ ಎಲ್ಲರಿಗೂ ಅದು ತಮ್ಮದೇ. ಬೂದಿ, ಒಡೆದ ಮಡಕೆ, ಕೋಳಿಪುಕ್ಕ, ಹರಿದ ಚಾಪೆ, ಅಲ್ಲಿ ಇಲ್ಲದ್ದು ಏನೂ ಇರಲಿಲ್ಲ. ಹೊತ್ತುಗೊತ್ತಿಲ್ಲದೆ ಗಂಡಸರು ಅಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು.

ಮಸೀದಿಯಲ್ಲಿ ದಿನಕ್ಕೆ ಐದು ಸಲ ಬಾಂಗು ಕೂಗುತ್ತಿದ್ದವರು ಒಬ್ಬ ಮುದುಕರು. ಬರೀ ಕೂಗುವುದಲ್ಲ, ಗುಡಿಸುವುದು, ಚಾಪೆ ಹಾಸುವುದು, ಬಾವಿಯಿಂದ ನೀರು ಸೇದಿ ತೊಟ್ಟಿ ತುಂಬಿಸುವುದು ಎಲ್ಲ ಅವರದೇ ಕೆಲಸ. ತೆಳ್ಳಗೆ, ಬೆನ್ನು ಸ್ವಲ್ಪ ಬಾಗಿ, ಮೊಣಕಾಲ ಮೇಲೆ ಲುಂಗಿ ಕಟ್ಟಿಕೊಂಡು ಓಡಾಡುತ್ತಿದ್ದರು. ನಮ್ಮ ಶಾಲೆಯ ಮಕ್ಕಳು ಅವರನ್ನು ಬಾಂಗು ತಾತ ಎನ್ನುತ್ತಿದ್ದರು. ನಾನು ಸಾಬರೇ ಎನ್ನುತ್ತಿದ್ದೆ.

ಒಂದು ದಿನ ಗೋಣಿಚೀಲದ ಆಚೆ ಸನಿಕೆಯ ಸದ್ದು ಕೇಳಿಸಿತು. ಮಾರನೆಯ ದಿನವೂ ಕೇಳಿಸಿತು. ಒಂದು ವಾರ ಬಿಡದೆ ಕೇಳಿಸಿತು. ಅಂಗಳದ ಗಿಡ್ಡ ಗೋಡೆಯ ಮೇಲಿಂದ ಇಣುಕಿದರೆ ಆ ಮುದುಕರು ಒಬ್ಬರೇ ಕಸ ಕೆತ್ತಿ ಮಂಕರಿಗೆ ತುಂಬಿ ಊರಾಚೆಗೆ ಹೊರುತ್ತಿದ್ದರು. ತಲೆಯ ಮೇಲಿನ ಮಂಕರಿಯಿಂದ ಬೂದಿ ಉದುರಿ ಅವರ ಗಡ್ಡ ಇನ್ನಷ್ಟು ಬೆಳ್ಳಗಾಗಿತ್ತು. ನನಗೆ ಆಶ್ಚರ್ಯವಾಯಿತು.

"ಯಾಕೆ ಸಾಬರೇ, ನಿಮಗೆ ಯಾರಾದರೂ ಹೇಳಿದರಾ?" ಎಂದೆ.

"ಯಾರು ಯೋಳ್ತಾರೆ ಟೀಚರಮ್ಮ? ಇಲ್ನೋಡಿ," ಎಂದು ಮಸೀದಿಯ ಗೋಡೆಯ ಬುಡ ತೋರಿಸಿದರು. ಅಲ್ಲಿ ಒಂದು ಕಲ್ಲಿನ ತೂಬಿನಿಂದ ಸಣ್ಣಗೆ ನೀರು ಬೀಳುತ್ತಿತ್ತು. "ನಮಾಜಿಗೆ ಮುಂಚೆ ಕೈಕಾಲು ಮುಖ ತೊಳ್ಕೊಂತೀವಲ್ಲ, ವಜೂ ಅಂತೀವಿ, ಆ ನೀರು ಇದು. ದೇವ್ರ ಮುಂದೆ ನಿಂತ್ಕಳಾಕೆ ಅಂತ ತೊಳೆದ ನೀರು ಕಚಡದ ಮ್ಯಾಲೆ ಬಿದ್ರೆ ಹೆಂಗೆ? ಇಷ್ಟು ವರ್ಸ ಬೀಳ್ತಾನೇ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಬಿದ್ಬುಟ್ತು. ಇನ್ನು ಸುಮ್ಕಿರಾಕಾಗಾಕಿಲ್ಲ."

ಅವರು ಇದನ್ನು ಹೇಳುತ್ತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಯೋಚನೆ. ಹಾಗಾದರೆ ಈ ನೀರಿನಲ್ಲಿ ಬಾಯಿ ಮುಕ್ಕಳಿಸಿದ್ದೂ ಸೇರಿದೆ, ಕಾಲು ತೊಳೆದದ್ದೂ ಸೇರಿದೆ. ನಮ್ಮಜ್ಜಿ ಇದ್ದಿದ್ದರೆ ಅಲ್ಲಿಂದಲೇ ಓಡುತ್ತಿದ್ದಳು. ನಾನು ಓಡಲಿಲ್ಲ, ಮುಖ ಸಿಂಡರಿಸಿಕೊಂಡು ಒಳಗೆ ಬಂದೆ.

ಕಸ ಹೋದ ಮೇಲೆ ಅವರು ಅಲ್ಲಿ ಐದು ಸಸಿ ನೆಟ್ಟರು, ಮೂರು ಹೊಂಗೆ, ಎರಡು ಬೇವು. ನೀರು ನೆಲದ ಇಳಿಜಾರಿನಲ್ಲಿ ಅವುಗಳನ್ನು ದಾಟಿ, ನಮ್ಮ ಅಂಗಳದ ಗೋಡೆಯ ಬುಡದಲ್ಲಿದ್ದ ಒಂದು ತೂತಿನಿಂದ ಒಳಕ್ಕೆ ಬಂದು, ಅಂಗಳದ ಮೂಲೆ ಹಾದು ಬೀದಿಯ ಚರಂಡಿಗೆ ಹೋಗುತ್ತಿತ್ತು. ಮೊದಲು ಆ ನೀರನ್ನು ಕಸವೇ ಕುಡಿಯುತ್ತಿತ್ತು. ಈಗ ಅದು ನಮ್ಮ ಮಕ್ಕಳು ಕುಂಟೆಬಿಲ್ಲೆ ಆಡುವ ಜಾಗದಲ್ಲಿ ಎಳೆಯಾಗಿ ಹರಿಯತೊಡಗಿತು. ಮಕ್ಕಳು ಅದನ್ನು ತುಳಿದು, ಅದೇ ಕಾಲಲ್ಲಿ ಸರಸ್ವತಿಯ ಪಟ ಇದ್ದ ಕೋಣೆಗೆ ಬರುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ಶನಿವಾರ ಮಕ್ಕಳು ಹೋದ ಮೇಲೆ ಜೇಡಿಮಣ್ಣು ಕಲಸಿ, ಒಡೆದ ಸ್ಲೇಟಿನ ಚೂರು ಸೇರಿಸಿ, ಆ ತೂತನ್ನು ಗಟ್ಟಿಯಾಗಿ ಬಿಗಿದೆ. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದೆ.

ನೀರು ಹೋಗಲು ದಾರಿಯಿಲ್ಲದೆ ಸಂದಿಯ ಕೆಳಗಡೆ ಮಡುಗಟ್ಟಿ ನಿಂತಿತು. ಎಲ್ಲಕ್ಕಿಂತ ಕೆಳಗೆ, ನನ್ನ ಕ್ಲಾಸಿನ ಕಿಟಕಿಯ ನೇರಕ್ಕೆ ಇದ್ದ ಹೊಂಗೆ ಸಸಿ ಆ ನೀರಿನಲ್ಲಿ ದಿನಗಟ್ಟಲೆ ನಿಂತು ಬುಡ ಕೊಳೆತು ಸತ್ತಿತು. ಆ ಮುದುಕರು ಶಾಲೆಯ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲ ಆಚೆಯೇ ನಿಂತರು.

"ತೂತು ಮುಚ್ಕೊಂಡೈತೆ ಟೀಚರಮ್ಮ. ಇಲಿ ಗಿಲಿ ಮಣ್ಣು ತಳ್ಳಿರಬೇಕು."

ಇಲಿ ಎಂದು ತಲೆದೂಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ನಾಲಿಗೆಗೂ ಮೂಗಿನ ಬುದ್ಧಿಯೇ. "ಇಲಿ ಅಲ್ಲ, ನಾನೇ ಮುಚ್ಚಿದ್ದು. ಅದು ಎಂಜಲು ನೀರು. ಮಕ್ಕಳು ಓಡಾಡೋ ಕಡೆ ಬರಬಾರದು," ಎಂದು ಅಂದೇಬಿಟ್ಟೆ.

ಅವರು ಕೂಗಾಡಲಿ, ನಾನೂ ಎರಡು ಮಾತು ಆಡಬಹುದು ಎಂದು ಕಾದಿದ್ದೆ. ಅವರು ಕೂಗಾಡಲಿಲ್ಲ.

"ಆಯ್ತು ಬುಡಿ. ನಿಮ್ಮ ಕಡೆ ಒಂದು ಹನಿ ಬರದಂಗೆ ನೋಡ್ಕೊಂತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಅಲ್ಲಿಂದ ಮುಂದೆ ಅವರು ಮಾಡಿದ್ದನ್ನು ನಾನು ಗೋಣಿಚೀಲದ ಹರಕಿನಿಂದ ಕದ್ದು ನೋಡಿದೆ. ನೆಟ್ಟಗೆ ಇಳಿಯುತ್ತಿದ್ದ ಕಾಲುವೆಯನ್ನು ಮುಚ್ಚಿ, ಹಾವು ಹರಿದ ಹಾಗೆ ಅತ್ತಿತ್ತ ಸುತ್ತಿಸಿ ಹೊಸದು ತೋಡಿದರು. ಪ್ರತಿ ತಿರುವಿನಲ್ಲಿ ಒಂದು ಮೊಳ ಆಳದ ಗುಂಡಿ. ಗುಂಡಿಗೆ ಆ ತಿಪ್ಪೆಯಿಂದಲೇ ಆರಿಸಿಟ್ಟಿದ್ದ ಮಡಕೆಚೂರು, ಅದರ ಮೇಲೆ ಇದ್ದಿಲು, ಅದರ ಮೇಲೆ ಒಣಗಿದ ಎಲೆ. ಪ್ರತಿ ಗಿಡಕ್ಕೆ ದುಂಡಗೆ ಪಾತಿ. ಸತ್ತ ಸಸಿಯ ಜಾಗಕ್ಕೆ ಇನ್ನೊಂದು ಹೊಂಗೆ ಸಸಿ ತಂದು, ನೆಲ ಎತ್ತರಿಸಿ ನೆಟ್ಟರು. ಆಮೇಲೆ ನಮ್ಮ ಗೋಡೆಯ ತನಕ ನಿಜವಾಗಿಯೂ ಒಂದು ಹನಿ ಬರಲಿಲ್ಲ. ಮೊದಲು ಅರ್ಧಕ್ಕರ್ಧ ಚರಂಡಿ ಪಾಲಾಗುತ್ತಿದ್ದ ನೀರನ್ನು ಈಗ ಅಷ್ಟೂ ನೆಲವೇ ಕುಡಿಯುತ್ತಿತ್ತು. ನನ್ನ ಮೊಂಡುತನದಿಂದ ಆ ತೋಟಕ್ಕೆ ಇಷ್ಟು ಉಪಕಾರವಾಯಿತೆಂದು ನಾನು ಎಷ್ಟೋ ವರ್ಷ ಜಂಬ ಕೊಚ್ಚಿಕೊಂಡಿದ್ದೇನೆ.

ದಿನಕ್ಕೆ ಐದು ನಮಾಜು, ಐದು ಗಿಡ. ಒಂದೊಂದು ಹೊತ್ತಿನ ನೀರು ಒಂದೊಂದು ಗಿಡಕ್ಕೆ. ಬಾಂಗು ಕೂಗುವ ಮೊದಲೇ ಬಂದು ಸನಿಕೆಯಿಂದ ಒಂದು ಕಡೆ ಮಣ್ಣು ಕಟ್ಟಿ, ಇನ್ನೊಂದು ಕಡೆ ಬಿಡಿಸಿ ಹೋಗುತ್ತಿದ್ದರು. ತೂಬಿಗೆ ಹತ್ತಿರದ ಬೇವಿಗೆ ಮಧ್ಯಾಹ್ನದ ನೀರು. ತೀರಾ ಕೆಳಗಿದ್ದ ನನ್ನ ಕಿಟಕಿಯ ಹೊಂಗೆಗೆ ಬೆಳಗಿನ ಜಾವದ ನೀರು. ದೂರದ ಗಿಡಕ್ಕೆ ತಂಪು ಹೊತ್ತಿನಲ್ಲೇ ಬಿಡಬೇಕು, ಬಿಸಿಲು ಬಂದರೆ ದಾರಿಯ ನೆಲವೇ ಕುಡಿದುಬಿಡುತ್ತದೆ ಎಂಬುದು ಅವರ ಲೆಕ್ಕಾಚಾರ. ಶುಕ್ರವಾರ ಮಧ್ಯಾಹ್ನ ಊರಿನವರೆಲ್ಲ ನಮಾಜಿಗೆ ಬಂದು ನೀರು ಹೊಳೆಯಾಗುತ್ತಿತ್ತು. ಅದನ್ನು ಎಣ್ಣೆ ಗಾಣದ ಗೋಡೆಗೆ ಹಬ್ಬಿಸಿದ್ದ ಬಸಳೆಗೂ ಅದರ ಬುಡದ ದಂಟಿಗೂ ತಿರುಗಿಸುತ್ತಿದ್ದರು. ನಮ್ಮ ಮಕ್ಕಳ ಬಾಯಲ್ಲಿ ಆ ಗಿಡಗಳಿಗೆ ಹೆಸರು ಮಧ್ಯಾಹ್ನದ ಮರ, ದೀಪ ಹಚ್ಚೋ ಮರ, ಬೆಳಗಿನ ಮರ ಎಂದೇ ಆಯಿತು.

ಎರಡು ವರ್ಷದಲ್ಲಿ ಮಧ್ಯಾಹ್ನದ ಬೇವು ಮಸೀದಿಯ ಗೋಡೆ ಮೀರಿತು. ಬೆಳಗಿನ ಮರ ಮಾತ್ರ ನನ್ನ ಭುಜದೆತ್ತರಕ್ಕೆ ನಿಂತಿತ್ತು. ಒಂದು ಸಂಜೆ ಆ ಮುದುಕರು ಮಸೀದಿಯಿಂದ ಹೊರಬಂದ ನಾಲ್ಕಾರು ಗಂಡಸರನ್ನು ಸಂದಿಗೆ ಕರೆತಂದು, ಆ ಬಡಕಲು ಗಿಡ ತೋರಿಸಿ ಬೈಯುತ್ತಿದ್ದರು. "ನೋಡ್ರಪ್ಪಾ, ಸರಿಯಾಗಿ ನೋಡಿ! ಬೆಳಿಗ್ಗೆ ನಮಾಜಿಗೆ ಎಷ್ಟು ಜನ ಎದ್ದು ಬತ್ತೀರಿ ಅಂತ ನಾನು ಯಾರಿಗೂ ಯೋಳಾಕಿಲ್ಲ. ಈ ಗಿಡಾನೇ ಯೋಳ್ತೈತೆ!" ದೊಡ್ಡ ದೊಡ್ಡ ಮೀಸೆಯ ಗಂಡಸರು ತಲೆ ತಗ್ಗಿಸಿ ನಿಂತಿದ್ದರು. ನಾನು ಗೋಣಿಚೀಲದ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಆಮೇಲೆ ಒಂದು ವಾರ ಬೆಳಗಿನ ಮರಕ್ಕೆ ಹಬ್ಬ, ಎಂಟನೆಯ ದಿನ ಮತ್ತೆ ಮಾಮೂಲು.

ಬಸಳೆ ಹಬ್ಬಿದ ಮೇಲೆ, ಶುಕ್ರವಾರ ಸಂಜೆ ಶಾಲೆ ಬಿಡುವ ಹೊತ್ತಿಗೆ ಅವರು ಕತ್ತಾಳೆ ನಾರಿನಲ್ಲಿ ಕಟ್ಟಿದ ಒಂದು ಕಟ್ಟು ಸೊಪ್ಪನ್ನು ಅಂಗಳದ ಗೋಡೆಯ ಮೇಲಿಟ್ಟು, "ಟೀಚರಮ್ಮಂಗೆ" ಎಂದು ಮಕ್ಕಳಿಗೆ ಹೇಳಿ ಹೋದರು. ಬೇಡವೆನ್ನಲು ಬಾಯಿ ಬರಲಿಲ್ಲ, ತಿನ್ನಲು ಮನಸ್ಸು ಬರಲಿಲ್ಲ. ಮನೆಗೆ ಒಯ್ದು ಕಪ್ಪು ಹಸುವಿನ ಮುಂದೆ ಹಾಕಿದೆ. ಮುಂದಿನ ಶುಕ್ರವಾರ ಎರಡು ಕಟ್ಟು ಬಂತು. ಅದರ ಮುಂದಿನ ವಾರವೂ ಎರಡು. ನಾನು ಒಂಟಿ ಹೆಂಗಸು, ಎರಡು ಕಟ್ಟು ಏಕೆ ಎಂದು ಯೋಚಿಸಿದೆ. ಮನೆಯೊಡತಿಗೂ ಸೇರಿಸಿ ಕೊಡುತ್ತಿರಬೇಕು ಎಂದುಕೊಂಡು, ಎರಡನ್ನೂ ಹಸುವಿಗೇ ಹಾಕುತ್ತ ಬಂದೆ.

ಆದರೆ ಕಣ್ಣೆದುರು ಆಗುತ್ತಿದ್ದದ್ದನ್ನು ಒಪ್ಪದೆ ಇರಲು ನನಗೂ ಆಗಲಿಲ್ಲ. ಮೂರನೆಯ ವರ್ಷ ನಾನೇ ಆ ಗೋಣಿಚೀಲವನ್ನು ಕಿತ್ತು ಹಾಕಿದೆ. ನಾತದ ಬದಲು ಒದ್ದೆ ಮಣ್ಣಿನ ತಂಪು ಒಳಗೆ ಬಂತು. ಸಂದಿಗೆ ಗೊರವಂಕಗಳು ಬಂದವು, ಅಳಿಲು ಬಂತು. ಗಂಡಸರು ಗೋಡೆಗೆ ಮುಖ ಮಾಡಿ ನಿಲ್ಲುವುದು ತಾನಾಗಿ ನಿಂತಿತು, ಗಿಡದ ಮುಂದೆ ಅವರಿಗೂ ನಾಚಿಕೆಯಾಯಿತೋ ಏನೋ. ಒಂದು ಪಾಠ ಮಾಡದೆ, ಒಂದು ಅರ್ಜಿ ಬರೆಯದೆ, ಒಬ್ಬರ ಮುಂದೂ ಕೈ ಚಾಚದೆ ಆ ಮುದುಕರು ಇಷ್ಟನ್ನು ಮಾಡಿದ್ದರು. ಮಕ್ಕಳಿಗೆ ಬುದ್ಧಿ ಹೇಳುವುದೇ ನನ್ನ ಕಸುಬು, ಆದರೂ ಅವರ ಮುಂದೆ ನಾನು ಇನ್ನೂ ಅ ಆ ತಿದ್ದುವವಳು ಎಂದು ಆಗಾಗ ಅನ್ನಿಸುತ್ತಿತ್ತು.

ಆ ವರ್ಷ ಮಳೆ ಕೈಕೊಟ್ಟಿತು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಮಸೀದಿಯ ಬಾವಿ ತಳ ಕಂಡಿತು. ಬೆಳಿಗ್ಗೆ ಸೇದಿದರೆ ನಾಲ್ಕು ಕೊಡ, ಅದೂ ಸುತ್ತಲಿನ ಮನೆಗಳಿಗೆ ಕುಡಿಯಲು ಎಂದು ತೀರ್ಮಾನವಾಯಿತು. ತೂಬು ಒಣಗಿತು. ಒಂದು ಮಧ್ಯಾಹ್ನ ಆ ಮುದುಕರು ಒಂದು ಬೋಗುಣಿಯಲ್ಲಿ ಜರಡಿ ಹಿಡಿದ ಶುದ್ಧವಾದ ಮಣ್ಣು ತುಂಬಿ ಒಳಗೆ ಒಯ್ಯುತ್ತಿದ್ದರು. ಏನೆಂದು ಕೇಳಿದೆ.

"ನೀರಿಲ್ಲ ಅಂದಾಗ ಮಣ್ಣು ಮುಟ್ಟಿ ಮುಖ ಕೈ ಸವರ್ಕೊಂಡ್ರೆ ಸಾಕು ಟೀಚರಮ್ಮ, ಅದೂ ವಜೂ ಆದಂಗೇ. ಮನುಷ್ಯಂಗೆ ಮಣ್ಣು ಸಾಕು ಅಂತ ಖುದಾ ಯೋಳವ್ನೆ." ಆಮೇಲೆ ಕೆಳಗಿನ ಹೊಂಗೆಯ ಕಡೆ ತಿರುಗಿದರು. "ಮರಕ್ಕೆ ಸಾಕು ಅಂತ ಯೋಳಿಲ್ಲ."

ಅವತ್ತು ಅವರು ಮೊದಲ ಸಲ ಅಂಗಳದ ಗೋಡೆಗೊರಗಿ ಕೂತರು. ಮೇಲಿನ ನಾಲ್ಕು ಮರದ ಬೇರು ಆಳಕ್ಕಿಳಿದಿದೆ, ಹೇಗೋ ಬದುಕಿಕೊಳ್ಳುತ್ತವೆ ಎಂದರು. ಬೆಳಗಿನ ಮರ ತಡವಾಗಿ ನೆಟ್ಟದ್ದು, ಹೊಟ್ಟೆ ತುಂಬ ನೀರು ಕಂಡದ್ದೂ ಇಲ್ಲ, ಈ ಬೇಸಿಗೆ ದಾಟುವುದು ಅನುಮಾನ. "ಬೆಳಿಗ್ಗೆ ಹೊತ್ತು ಯಾರೂ ಬರದೆ ನಾನೊಬ್ನೇ ನಮಾಜ್ ಮಾಡಿದ ದಿನಗಳು ಎಷ್ಟೋ ಅವೆ. ಅವತ್ತೆಲ್ಲ ಆ ಗಿಡಕ್ಕೆ ಹೋಗಿದ್ದು ನಾನೊಬ್ನು ತೊಳೆದ ನೀರು. ಅದು ನನ್ನ ಕೈನಾಗೆ ಬೆಳೆದ ಕೂಸು ಕಣಮ್ಮ," ಎಂದರು. ಆ ಮರ ಯಾಕೆ ತಡವಾಗಿ ನೆಟ್ಟದ್ದು ಎಂಬುದನ್ನು ಅವರು ಎತ್ತಲಿಲ್ಲ. ನನಗೆ ಮಾತ್ರ ನನ್ನ ಜೇಡಿಮಣ್ಣಿನ ಕೈ ನೆನಪಾಯಿತು.

ಮಾರನೆಯ ದಿನ ಮಧ್ಯಾಹ್ನ ಮಕ್ಕಳು ಬುತ್ತಿ ತಿಂದು ಅಂಗಳದಲ್ಲಿ ಕೈತೊಳೆಯುತ್ತಿದ್ದರು. ನೀರಿನ ತಾಪತ್ರಯಕ್ಕೆ ಪ್ರತಿಯೊಬ್ಬ ಹುಡುಗಿಯೂ ಮನೆಯಿಂದ ಒಂದು ಚೊಂಬು ನೀರು ತರಬೇಕೆಂದು ಶಾಲೆಯಲ್ಲಿ ಕಟ್ಟಾಜ್ಞೆಯಾಗಿತ್ತು. ಅರ್ಧ ಕುಡಿದು, ಉಳಿದದ್ದರಲ್ಲಿ ಕೈತೊಳೆದು ಬಾಯಿ ಮುಕ್ಕಳಿಸುತ್ತಿದ್ದರು. ನಲವತ್ತು ಮಕ್ಕಳ ಆ ನೀರು ಸುಮ್ಮನೆ ನೆಲಕ್ಕೆ ಬಿದ್ದು, ಬಿದ್ದ ಗಳಿಗೆಯಲ್ಲೇ ಒಣಗುತ್ತಿತ್ತು. ಗೋಡೆಯ ಆಚೆ ಎರಡು ಮಾರು ದೂರದಲ್ಲಿ ಬೆಳಗಿನ ಮರ ಎಲೆ ಮುದುರಿಕೊಂಡು ನಿಂತಿತ್ತು. ನಾನು ಮಾಡಬೇಕಾದ್ದು ಏನೆಂದು ತಕ್ಷಣ ಹೊಳೆಯಿತು. ಬಾಯಿ ಬಿಟ್ಟು ಕೇಳಲು ಎರಡು ದಿನ ಬೇಕಾಯಿತು.

ಆ ಮುದುಕರ ನೀರಿಗೆ ನಾನು ಇಟ್ಟ ಹೆಸರು ಗೊತ್ತಲ್ಲ! ಅವರು ದೇವರಿಗಾಗಿ ತೊಳೆದ ನೀರನ್ನು ಎಂಜಲು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವಳು ನಾನು. ಅವರು ಕಸ ಕೂಡ ಬೀಳಬಾರದೆಂದು ಕಾಪಾಡಿಕೊಂಡ ಜಾಗಕ್ಕೆ ಈಗ ನಿಜವಾದ ಎಂಜಲು ಸುರಿಯುತ್ತೇನೆ ಎಂದು ಯಾವ ಬಾಯಲ್ಲಿ ಕೇಳಲಿ? ಮೂರನೆಯ ದಿನ ಗೋಡೆಯ ಹತ್ತಿರ ಹೋಗಿ ನಿಂತೆ. ಅವರು ಒಣಗಿದ ಪಾತಿಯ ಮಣ್ಣು ಕೆದಕುತ್ತಿದ್ದರು.

"ಸಾಬರೇ, ಮಕ್ಕಳು ಉಂಡು ಕೈತೊಳೆದ ನೀರಿದೆ. ಬೆಳಗಿನ ಮರಕ್ಕೆ ಬಿಡಬಹುದಾ?" ಎಂದೆ. ಅಲ್ಲಿಗೆ ನಿಲ್ಲಿಸಿದರೆ ಮೋಸವಾಗುತ್ತದೆ ಎನ್ನಿಸಿ, "ಬಾಯಿ ಮುಕ್ಕಳಿಸಿದ್ದೂ ಸೇರಿದೆ. ಎಂಜಲು," ಎಂದು ಸೇರಿಸಿದೆ. ನನ್ನ ಮುಖ ಕಿವಿಯವರೆಗೆ ಕೆಂಪಾಗಿತ್ತು.

ಅವರು ಸನಿಕೆ ಊರಿ ಎದ್ದು ನಿಂತರು. ಚುಚ್ಚಿ ಆಡಲು ಅದಕ್ಕಿಂತ ಒಳ್ಳೆಯ ಸಮಯ ಯಾರಿಗೂ ಸಿಕ್ಕುವುದಿಲ್ಲ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

"ಮಕ್ಳ ಬಾಯಿಗೆ ಎಂಜಲು ಎಲ್ಲಿಂದ ಬತ್ತೈತೆ ಟೀಚರಮ್ಮ?" ಎಂದರು. "ಬುಡಿ, ಬುಡಿ. ಜಲ್ದಿ ಬುಡಿ."

ನಾನು ಮುಚ್ಚಿದ್ದ ತೂತನ್ನು ಆ ಸಂಜೆ ನಾನೇ ಒಂದು ಕಬ್ಬಿಣದ ಸರಳಿನಿಂದ ಕುಕ್ಕಿ ತೆರೆದೆ. ಅಷ್ಟು ವರ್ಷಕ್ಕೆ ಕಲ್ಲಿನಂತಾಗಿತ್ತು, ಕೈಯಲ್ಲಿ ಬೊಬ್ಬೆ ಬಂತು. ಅವರು ಆಚೆ ಕಡೆಯಿಂದ ನೆಲ ತಗ್ಗಿಸಿ ಮರದ ಬುಡದವರೆಗೆ ದಾರಿ ಮಾಡಿದರು. ಮೊದಲು ಆ ತೂತಿನಲ್ಲಿ ಅವರ ನೀರು ನಮ್ಮ ಕಡೆಗೆ ಬರುತ್ತಿತ್ತು, ಇನ್ನು ಮೇಲೆ ನಮ್ಮ ನೀರು ಅವರ ಕಡೆಗೆ. ಮಕ್ಕಳು ಸಾಲಾಗಿ ಕುಕ್ಕುರುಗಾಲಿನಲ್ಲಿ ಕೂತು ಆ ತೂತಿನ ಬಾಯಿಗೇ ಕೈತೊಳೆಯತೊಡಗಿದರು. ಸ್ಲೇಟು ತೊಳೆದ ನೀರೂ ಅಲ್ಲಿಗೇ. ಆಚೆ ಕಡೆಯಿಂದ, "ಶಾಬಾಷ್ ಬೇಟಿ, ಇನ್ನೊಂದೀಟು," ಎಂದು ಮುದುಕರ ಧ್ವನಿ ಕೇಳಿದರೆ ಮಕ್ಕಳಿಗೆ ಎಲ್ಲಿಲ್ಲದ ಉಮೇದು.

ಯುಗಾದಿಗೆ ಮೇಲಿನ ನಾಲ್ಕೂ ಮರಗಳು ಚಿಗುರಿದವು. ಬೆಳಗಿನ ಮರ ಚಿಗುರಲಿಲ್ಲ. ಇದ್ದ ಎಲೆಯನ್ನೂ ಉದುರಿಸಿ ಬೋಳು ಕಡ್ಡಿಯಾಗಿ ನಿಂತಿತು. ಬೇಸಿಗೆ ರಜೆ ಬಂತು. ಹೊಳವನಹಳ್ಳಿಗೆ ಹೋಗಲು ಟ್ರಂಕು ಕಟ್ಟಿದವಳು ಮತ್ತೆ ಬಿಚ್ಚಿದೆ. ಮನೆಗೆ ಏನು ಬರೆಯಲಿ? ಒಂದು ಗಿಡಕ್ಕೆ ನೀರು ಹಾಕಬೇಕು, ಬರುವುದಿಲ್ಲ ಎಂದು ಬರೆದರೆ ನಮ್ಮಜ್ಜಿ ಮಂತ್ರವಾದಿಯನ್ನು ಕರೆಸಿಬಿಡುತ್ತಿದ್ದಳು. ಶಾಲೆಯ ಕೆಲಸ ಉಳಿದಿದೆ ಎಂದು ಸುಳ್ಳು ಬರೆದೆ.

ರಜೆಯಲ್ಲಿ ಮಕ್ಕಳು ಬರಲಾರರು, ನಾನೊಬ್ಬಳ ನೀರು ಎಲ್ಲಿಗೆ ಸಾಕು ಎಂದು ದಿಗಿಲಾಗಿತ್ತು. ಮೊದಲ ದಿನ ಬೆಳಿಗ್ಗೆ ನನ್ನ ಮುಖ ತೊಳೆದ ನೀರು, ಮನೆಯೊಡತಿ ಅಕ್ಕಿ ತೊಳೆದ ನೀರು ಸೇರಿಸಿ ಒಂದು ಬಕೆಟ್ ಹಿಡಿದುಕೊಂಡು ಹೋದೆ. ಶಾಲೆಯ ಬಾಗಿಲಲ್ಲಿ ಹತ್ತು ಹನ್ನೆರಡು ಹುಡುಗಿಯರು ಚೊಂಬು ಹಿಡಿದು ಕಾದಿದ್ದರು. ಎಲ್ಲರದ್ದೂ ಆಗಷ್ಟೇ ತೊಳೆದ ಮುಖ. ಒಂದು ಹನಿ ಚೆಲ್ಲದಂತೆ ಬೋಗುಣಿಯಲ್ಲಿ ಮುಖ ತೊಳೆದು, ಆ ನೀರನ್ನು ಚೊಂಬಿಗೆ ಬಗ್ಗಿಸಿಕೊಂಡು ತಂದಿದ್ದರು. ಯಾರು ಹೇಳಿದರು ಎಂದು ಕೇಳಿದರೆ ಒಬ್ಬಳು, "ಬೆಳಗಿನ ಮರ ಅಲ್ವಾ ಟೀಚರ್, ಬೆಳಿಗ್ಗೇನೇ ಹಾಕ್ಬೇಕು," ಎಂದಳು. ನನಗೆ ಕಣ್ಣಲ್ಲಿ ನೀರು ಬಂತು.

ವಾರಕ್ಕೊಮ್ಮೆ ಆ ಮುದುಕರು ಹೆಬ್ಬೆರಳ ಉಗುರಿನಿಂದ ಕಾಂಡವನ್ನು ಒಂದಿಷ್ಟು ಗೀರಿ ನೋಡುತ್ತಿದ್ದರು. ನಾವೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. "ಒಳಗೆ ಹಸ್ರು ಐತೆ," ಎನ್ನುತ್ತಿದ್ದರು. ಎರಡನೆಯ ವಾರವೂ ಇತ್ತು. ಮೂರನೆಯ ವಾರ ಗೀರಿದವರು ಏನೂ ಹೇಳದೆ, ಇನ್ನೂ ಕೆಳಗೆ ಬುಡದ ಹತ್ತಿರ ಗೀರಿ, "ಇಲ್ಲೈತೆ," ಎಂದರು. ಐದನೆಯ ವಾರ ನಾವು ಹೋಗುವ ಮೊದಲೇ ಅವರು ಅಲ್ಲಿ ಕೂತಿದ್ದರು. ಗೀರುವ ಅಗತ್ಯವಿರಲಿಲ್ಲ. ಬುಡದಿಂದ ಒಂದು ಗೇಣು ಮೇಲೆ, ಇಲಿಯ ಕಿವಿಯಷ್ಟು ಎರಡು ಎಲೆ, ಎಳೆಗೆಂಪು ಬಣ್ಣ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಆ ಮುದುಕರು ಎರಡೂ ಕೈ ಎತ್ತಿ ಮುಖ ಸವರಿಕೊಂಡರು. ಹುಡುಗಿಯರು ಕುಣಿದರು. ನಾನೂ ಕುಣಿದೆ ಎಂದು ಆಮೇಲೆ ಮಕ್ಕಳು ಊರೆಲ್ಲ ಹೇಳಿಕೊಂಡು ಬಂದರು.

ಮಳೆ ಬಂದು, ಬಾವಿ ತುಂಬಿ, ತೂಬು ಹರಿದು, ಬಸಳೆ ಮತ್ತೆ ಗೋಡೆ ಹತ್ತಿತು. ಶುಕ್ರವಾರ ಎರಡು ಕಟ್ಟು ಸೊಪ್ಪು ಗೋಡೆಯ ಮೇಲೆ ಬಂದು ಕೂತವು. ಅವತ್ತು ಒಂದು ಕಟ್ಟನ್ನು ಹಸುವಿಗೆ ಹಾಕಿ, ಇನ್ನೊಂದನ್ನು ಒಳಗೆ ಒಯ್ದೆ. ತೊಗರಿಬೇಳೆ ಹಾಕಿ ಹುಳಿ ಮಾಡಿ, ಮುದ್ದೆಯ ಜೊತೆ ಹೊಟ್ಟೆ ಬಿರಿಯ ಉಂಡೆ. ಇಷ್ಟು ವರ್ಷ ಆ ರುಚಿಯನ್ನು ಹಸು ಒಬ್ಬಳೇ ಅನುಭವಿಸಿದಳಲ್ಲ ಎಂದು ಹೊಟ್ಟೆಕಿಚ್ಚಾಯಿತು. ಆಮೇಲಿನ ಶುಕ್ರವಾರಗಳಲ್ಲೂ ಹಾಗೆಯೇ, ಹಸುವಿಗೆ ಒಂದು, ನನಗೆ ಒಂದು.

ಇನ್ನೂ ಮೂರು ವರ್ಷ ಶಿರಾದಲ್ಲಿದ್ದೆ. ಬೆಳಗಿನ ಮರ ಕಿಟಕಿ ದಾಟಿ, ಹೆಂಚು ದಾಟಿ ಬೆಳೆಯಿತು. ಬೆಂಕಿಯಂತೆ ಕಾಯುತ್ತಿದ್ದ ಆ ಗೋಡೆಗೆ ಮಧ್ಯಾಹ್ನ ಮಕ್ಕಳು ಕೆನ್ನೆಯಿಟ್ಟು ತಂಪು ನೋಡುತ್ತಿದ್ದರು. ಆಮೇಲೆ ನನಗೆ ಪಾವಗಡಕ್ಕೆ ವರ್ಗವಾಯಿತು. ಅಲ್ಲಿ ತೆಲುಗು ಬೇರೆ ಕಲಿಯಬೇಕಲ್ಲ, ನೀರೂ ಇಲ್ಲವಂತಲ್ಲ ಎಂದು ಎಲ್ಲರೂ ಕನಿಕರ ತೋರಿದರು. ನೀರಿನ ವಿಷಯಕ್ಕೆ ನನಗೆ ಹೆದರಿಕೆಯಿರಲಿಲ್ಲ. ಮಕ್ಕಳು ಸ್ಲೇಟು ತೊಳೆಯದ ಶಾಲೆ ಎಲ್ಲಾದರೂ ಉಂಟೇ ಎಂದುಕೊಂಡೆ. ಪಾವಗಡದ ಶಾಲೆಯ ಹಿಂದೆ ಈಗ ಇರುವ ಎರಡು ಹೊಂಗೆಯನ್ನು ಬೆಳೆಸಿದ್ದು ಆ ನೀರೇ.

ಹೊರಟದ್ದು ಒಂದು ಶುಕ್ರವಾರ ಸಂಜೆ. ಬಸ್ಸಿನ ಬಳಿಗೆ ಆ ಮುದುಕರು ಬಂದಿದ್ದರು. ಬೆನ್ನು ಇನ್ನಷ್ಟು ಬಾಗಿತ್ತು. ಕಿಟಕಿಯಿಂದ ಒಂದು ಬಸಳೆ ಕಟ್ಟು ಕೊಟ್ಟರು, ಕತ್ತಾಳೆ ನಾರು, ಅದೇ ಗಂಟು. ಅಳು ಬಂದುಬಿಡುತ್ತದೆ ಎಂದು ನಾನು ತಮಾಷೆಗೆ, "ಏನು ಸಾಬರೇ, ಇವತ್ತು ಒಂದೇ ಕಟ್ಟಾ?" ಎಂದೆ.

"ಹಸು ನಿಮ್ ಜೊತೆ ಬರಾಕಿಲ್ವಲ್ಲ ಟೀಚರಮ್ಮ," ಎಂದರು.

ನಾನು ಕಟ್ಟನ್ನು ಮಡಿಲಿಗೆ ಹಾಕಿಕೊಂಡು ಕಿಟಕಿಯಿಂದ ತಲೆ ಹೊರಹಾಕಿದೆ. ಅವರು ಮಾತ್ರ ಯಾವಾಗಿನಂತೆಯೇ ಹೇಳಿದರು: "ಮೊದಲ್ನೇ ವಾರ ಕೊಟ್ಟ ಸಂಜೇನೇ ನೋಡ್ದೆ. ಮಸೀದಿ ಮುಂದೆ ನಿಂತಿತ್ತು, ಬಾಯಾಗ ನಮ್ಮ ಕತ್ತಾಳೆ ನಾರು ಜೋತಾಡ್ತಿತ್ತು. ಆಯ್ತು, ಟೀಚರಮ್ಮಂಗೆ ಬ್ಯಾಡ ಅನ್ನಿಸ್ತು. ಒಂದು ಹಸೂಗಿರ್ಲಿ, ಒಂದು ಟೀಚರಮ್ಮಂಗಿರ್ಲಿ. ಯಾವತ್ತಾದ್ರೂ ತಿನ್ನಣ ಅನ್ನಿಸಿದ್ರೆ ಮನೇಲಿ ಇರ್ಬೇಕಲ್ಲ ಅಂತ ಎರಡು ಕಟ್ತಿದ್ದೆ."

ಬಸ್ಸು ಹೊರಟಿತು. ಅಷ್ಟು ವರ್ಷ, ಬಸಳೆ ಇದ್ದ ಒಂದು ಶುಕ್ರವಾರವೂ ತಪ್ಪದೆ, ನಾನು ತಿನ್ನುವುದಿಲ್ಲವೆಂದು ಗೊತ್ತಿದ್ದಾಗಲೂ ನನ್ನ ಪಾಲನ್ನು ಅವರು ಕಟ್ಟಿದ್ದರು. ಮಧುಗಿರಿಯ ಬೆಟ್ಟ ಕಂಡು, ಅಲ್ಲಿ ಇಳಿದು ಪಾವಗಡದ ಬಸ್ಸು ಹತ್ತುವವರೆಗೂ ಆ ಸೊಪ್ಪನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಪಕ್ಕದ ಸೀಟಿನ ಹೆಂಗಸು, "ಬಾಡಿ ಹೋಯ್ತದೆ ಕಣಮ್ಮ, ಒಂದೀಟು ನೀರು ಚಿಮುಕ್ಸು," ಎಂದು ತಾನು ಕಚ್ಚಿ ಕುಡಿಯುತ್ತಿದ್ದ ಚೊಂಬನ್ನು ನನ್ನ ಕಡೆ ಚಾಚಿದಳು. ಈಸಿಕೊಂಡು ಸೊಪ್ಪಿಗೆ ಚಿಮುಕಿಸಿ, ಉಳಿದದ್ದನ್ನು ನಾನು ಕುಡಿದೆ.